ಒಂದು ನಿಮಿಷ ನಲವತ್ತು ಸೆಕೆಂಡು

ರೇಡಿಯೋದ ಕೊನೆಯ ಬೀಪ್ ಸದ್ದಿಗೆ ಸರಿಯಾಗಿ ಎಂಟು ಗಂಟೆ. ಆಂಜಿನಯ್ಯನ ಕೈಯಲ್ಲಿದ್ದ ವಾಚಿನಲ್ಲಿ ಎಂಟು ಗಂಟೆ ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡು. ಅವನು ಬನಿಯನ್ನಿನಲ್ಲೇ ಕೂತು, ಮೊಣಕಾಲ ಮೇಲಿಟ್ಟುಕೊಂಡ ಪುಟ್ಟ ನೋಟುಬುಕ್ಕಿನಲ್ಲಿ ಅದನ್ನು ಬರೆದ. ಮೂವತ್ತೊಂದನೆಯ ಸಾಲು. ಮೇಲಿನ ಸಾಲುಗಳ ಮೇಲೆ ಕಣ್ಣು ಹಾಯಿಸಬಾರದು ಅಂದುಕೊಂಡರೂ ಕಣ್ಣು ತಾನಾಗಿ ಹನ್ನೆರಡನೆಯ ಸಾಲಿಗೆ ಹೋಗಿ ನಿಂತಿತು. ಗುರುವಾರ, ಒಂದು ನಿಮಿಷ ನಲವತ್ತು ಸೆಕೆಂಡು ಮುಂದೆ. ಅಕ್ಷರ ಉಳಿದವುಗಳ ಹಾಗೇ ಇತ್ತು, ಅದೇ ಸೀಸದ ಕಡ್ಡಿ, ಅದೇ ಒತ್ತು. ಬರೆಯುವಾಗ ಕೈಗೆ ಏನೂ ಗೊತ್ತಿರಲಿಲ್ಲ. ಅವತ್ತೂ ಹೀಗೇ ಎಂಟು ಗಂಟೆಗೆ ಬರೆದದ್ದು. ಉಳಿದದ್ದು ನಡೆದದ್ದು ಹತ್ತು ಗಂಟೆಯ ಮೇಲೆ.

"ಇವತ್ತೆಷ್ಟು?" ಅಡುಗೆಮನೆಯಿಂದ ಹೆಂಡತಿ ಮಹಾನಂದ ಕೇಳಿದಳು.

"ನಾಲ್ಕು ಇಪ್ಪತ್ತು."

"ಮುಂದಿದೆ ಅಂತ ಗೊತ್ತಿದ್ದೂ ಕಟ್ಕೊಂಡು ಹೋಗ್ತೀರಲ್ಲ. ತಿರುಗಿಸಿ ಸರಿ ಮಾಡ್ಕೊಳೋಕೆ ಏನ್ ಕಷ್ಟ ನಿಮಗೆ?"

ಬಳೇಪೇಟೆಯ ವಾಚು ರಿಪೇರಿಯವನು ಒಂದು ತಿಂಗಳು ಮುಟ್ಟಬೇಡಿ ಅಂದಿದ್ದ. ತಿಂಗಳು ನಿನ್ನೆಗೇ ಮುಗಿದಿತ್ತು. ಇವತ್ತು ತಿರುಗಿಸಬಹುದು. ತಿರುಗಿಸಿದರೆ ವಾಚಿನೊಳಗೆ ಉಳಿದಿರುವ ಆ ಗುರುವಾರವೂ ಅಳಿಸಿಹೋಗುತ್ತದೆ ಎಂಬಂಥ ಒಂದು ಹುಚ್ಚು ಯೋಚನೆ ಅವನ ತಲೆಯಲ್ಲಿತ್ತು. ಅದು ಅಳಿಸಿಹೋಗಲಿ ಅಂತ ಆಸೆಯೋ, ಹೋಗಿಬಿಟ್ಟೀತು ಅಂತ ಭಯವೋ, ಹತ್ತೊಂಬತ್ತು ದಿನಗಳಿಂದ ಅವನಿಗೆ ತಿಳಿದಿರಲಿಲ್ಲ.

ವಾಚು ಸ್ವಿಸ್. ಚಾವಿ ಕೊಡಬೇಕಿಲ್ಲ, ಕೈ ಆಡುತ್ತಿದ್ದರೆ ಸಾಕು, ಒಳಗಿನ ಒಂದು ತುಂಡು ಲೋಹ ತಿರುಗಿ ಸ್ಪ್ರಿಂಗನ್ನು ತಾನೇ ಬಿಗಿಯುತ್ತದೆ. ಕಿವಿಗೆ ಹಿಡಿದರೆ ಟಿಕ್ ಟಿಕ್ ಅನ್ನುವುದಿಲ್ಲ, ಒಣ ಎಲೆಯ ಮೇಲೆ ಇರುವೆ ಸಾಲು ಹರಿದಾಡಿದ ಹಾಗೆ ಒಂದು ಸದ್ದು. ಕಳ್ಳಸಾಗಣೆಯಲ್ಲಿ ಹಿಡಿದ ಮಾಲನ್ನು ನೌಕರರಿಗೆ ಮಾರುತ್ತಿದ್ದ ಸರ್ಕಾರಿ ಕೌಂಟರಿನಲ್ಲಿ, ಸೂಪರಿಂಟೆಂಡೆಂಟ್ ಆಗಿ ಬಡ್ತಿ ಬಂದ ವರ್ಷ, ಅರ್ಧ ದಿನ ಸಾಲಿನಲ್ಲಿ ನಿಂತು ತಂದಿದ್ದ. ರಸೀದಿಯನ್ನು ನಾಲ್ಕಾಗಿ ಮಡಿಸಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಿರುತ್ತಿದ್ದ. ಮೊದಲ ವಾರವೇ ಅದು ಬೇಕಾಯಿತು. ಬೇರೆಯವರು ಹೊಸ ವಾಚು ಕಟ್ಟಿಕೊಂಡು ಬಂದರೆ ಆಫೀಸಿನವರು "ಎಷ್ಟು ಕೊಟ್ರಿ?" ಅನ್ನುತ್ತಿದ್ದರು. ಅವನಿಗೆ "ಯಾರು ಕೊಟ್ರು?" ಅಂದರು. ನಗುನಗುತ್ತಲೇ ಅಂದರು. ಅವನೂ ನಗುತ್ತ ಜೇಬಿಗೆ ಕೈಹಾಕಿ ರಸೀದಿ ಬಿಚ್ಚಿ ತೋರಿಸಿದ. ತೋರಿಸಿದ ಮೇಲೆ, ಯಾಕೆ ತೋರಿಸಿದೆ ಅಂತ ರಾತ್ರಿಯೆಲ್ಲ ಮೈ ಉರಿಯಿತು. ಅಪ್ಪ ಬಸವನಗುಡಿಯ ಬೀದಿಗಳನ್ನು ಗುಡಿಸುತ್ತಿದ್ದ ಕಾಲದಲ್ಲಿ ಅವನೂ ಬೆಳಿಗ್ಗೆ ಅಪ್ಪನ ಜೊತೆ ಹೋಗಿ, ಅಲ್ಲಿಂದಲೇ ಸ್ಕೂಲಿಗೆ ಹೋಗುತ್ತಿದ್ದ. ಹೊತ್ತಾಯಿತೇನೋ ಎಂದು ಒಂದು ಮನೆಯ ಗೇಟಿನ ಹೊರಗೆ ನಿಂತು "ಟೈಮೆಷ್ಟಮ್ಮ?" ಅಂತ ಕೂಗುತ್ತಿದ್ದ. ಜಗುಲಿಯಲ್ಲಿ ಹೂ ಕಟ್ಟುತ್ತಿದ್ದ ಆ ಮನೆಯ ಯಜಮಾನಿ ಒಂದು ದಿನ ತಲೆಯೆತ್ತಿ ನೋಡಿ, "ನಿಮಗ್ಯಾಕೋ ಟೈಮು? ಹೊಟ್ಟೆ ಹಸಿದಾಗ ಗೊತ್ತಾಗಲ್ವೇನೋ?" ಅಂದಿದ್ದರು. ಕೆಟ್ಟ ಮನಸ್ಸಿನಿಂದ ಅಂದದ್ದೇನಲ್ಲ. ಅಂದಮೇಲೆ ಒಳಗೆ ಇಣುಕಿ ಟೈಮೂ ಹೇಳಿದ್ದರು. ಅಪ್ಪ ಕೂಡ ಪೊರಕೆ ಕಂಕುಳಿಗೆ ಸಿಕ್ಕಿಸಿಕೊಂಡು ನಕ್ಕಿದ್ದ. ಅಪ್ಪ ನಕ್ಕದ್ದು ಅವನಿಗೆ ಇವತ್ತಿಗೂ ಮರೆಯಲು ಆಗಿರಲಿಲ್ಲ.

ಮಲ್ಲೇಶ್ವರದಿಂದ ಬಸ್ಸು ತುಂಬಿಕೊಂಡು ಬಂತು. ಕಂಬಿ ಹಿಡಿದು ನಿಂತವನ ಮಣಿಕಟ್ಟು ಎದುರಿನ ಸೀಟಿನವರ ಕಣ್ಣಿಗೆ ನೇರವಾಗಿತ್ತು. ಅವರು ವಾಚನ್ನು ನೋಡಿ, ಆಮೇಲೆ ಅವನ ಮುಖ ನೋಡಿದರು. ಅವನು ಕೈ ಬದಲಾಯಿಸಿದ. ಇನ್ನೊಂದು ಕೈಯ ಚೀಲದಲ್ಲಿ ವರದಿಯ ಡ್ರಾಫ್ಟ್ ಇತ್ತು. ನಿನ್ನೆ ಸಂಜೆ ಡೆಪ್ಯುಟಿ ಡೈರೆಕ್ಟರ್ ನಾರಾಯಣಪ್ಪನವರು ಒಳಗೆ ಕರೆದು ಕೈಗೆ ಕೊಟ್ಟದ್ದು. ಟಪಾಲು ವಿಭಾಗದ ಗುಮಾಸ್ತ ಬೈರಯ್ಯನವರು ಒಂದೇ ತಿಂಗಳಲ್ಲಿ ಮೂರು ಬಾರಿ ತಡವಾಗಿ ಬಂದಿರುತ್ತಾರೆ, ಐವತ್ತು ವರ್ಷ ದಾಟಿರುತ್ತಾರೆ, ಆದ್ದರಿಂದ ಕಡ್ಡಾಯ ನಿವೃತ್ತಿಯ ಪಟ್ಟಿಗೆ ಪರಿಶೀಲಿಸಬಹುದು. ಕೆಳಗೆ, ಹಾಜರಿ ಪುಸ್ತಕದ ಉಸ್ತುವಾರಿ ನೋಡುವ ಸೂಪರಿಂಟೆಂಡೆಂಟರ ಸಹಿಗೆ ಜಾಗ. "ನಾಳೆ ಐದು ಗಂಟೆ ಒಳಗೆ ಸೈನ್ ಮಾಡಿ ಕೊಡಿ ಆಂಜಿನಯ್ಯ," ಅಂದಿದ್ದರು ನಾರಾಯಣಪ್ಪ. ಅವರ ಮುಖದಲ್ಲೂ ಸುಖವಿರಲಿಲ್ಲ. "ಒಂದೊಂದು ಆಫೀಸಿಂದಲೂ ಹೆಸರು ಕೊಡಿ ಅಂತ ಕೂತಿದಾರೆ. ನಾನೇನ್ ಮಾಡ್ಲಿ? ತುರ್ತು ಪರಿಸ್ಥಿತಿ."

ಆ ವರ್ಷ ಎಲ್ಲ ಆಫೀಸುಗಳಲ್ಲೂ ಹೊತ್ತಿಗೆ ಸರಿಯಾಗಿ ಬರಬೇಕೆಂಬ ಹುಕುಂ ಗೋಡೆಗೋಡೆಯ ಮೇಲೆ ಇತ್ತು. ಹತ್ತು ಗಂಟೆಗೆ ಆಫೀಸು. ಹತ್ತು ನಿಮಿಷ ವಿನಾಯಿತಿ. ಹತ್ತು ಗಂಟೆ ಹತ್ತು ನಿಮಿಷಕ್ಕೆ ಹಾಜರಿ ಪುಸ್ತಕದಲ್ಲಿ ಕೆಂಪು ಗೆರೆ ಎಳೆದು ಒಳಗೆ ಕಳಿಸಬೇಕು. ಗೋಡೆಯ ಗಡಿಯಾರ ವರ್ಷದಿಂದ ಕೆಟ್ಟು ನಿಂತಿತ್ತು. ಮೊದಲ ದಿನ ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಟೈಮು, ಗಲಾಟೆಯೋ ಗಲಾಟೆ. ನಾರಾಯಣಪ್ಪನವರು ಹೊರಗೆ ಬಂದು ಎಲ್ಲರ ಮಣಿಕಟ್ಟುಗಳನ್ನೂ ನೋಡಿ, ಅವನ ಕೈಯನ್ನೇ ಹಿಡಿದೆತ್ತಿ, "ಸ್ವಿಸ್ ವಾಚಿರೋವಾಗ ಬೇರೆ ಯಾಕೆ? ಇವತ್ತಿಂದ ಆಂಜಿನಯ್ಯನವರ ವಾಚೇ ಆಫೀಸ್ ಟೈಮು," ಅಂದುಬಿಟ್ಟರು. ಅವರ ಬೆಚ್ಚಗಿನ ಬೆರಳುಗಳು ತನ್ನ ಮಣಿಕಟ್ಟನ್ನು ಸುತ್ತಿದ್ದ ಆ ಗಳಿಗೆಯನ್ನು ಆಂಜಿನಯ್ಯ ಎಷ್ಟು ಸಲ ನೆನೆದಿದ್ದನೋ. ಯಾರು ಕೊಟ್ರು ಅಂತ ಕೇಳಿದವರೇ ಈಗ ಬಾಗಿಲಿಂದ ಓಡಿಬಂದು, ಅವನ ಮುಖ ನೋಡಿ, ಉಸಿರು ಬಿಟ್ಟು ಸಹಿ ಹಾಕುತ್ತಿದ್ದರು.

ಅಂಥ ನಂಬಿಕೆಗೆ ತಕ್ಕ ಹಾಗೆ ವಾಚು ಇರಬೇಡವೇ. ರೇಡಿಯೋಗೆ ಹೋಲಿಸಿ ನೋಡಿದರೆ ದಿನಕ್ಕೆ ಎಂಟೊಂಬತ್ತು ಸೆಕೆಂಡು ಮುಂದೆ ಓಡುತ್ತಿತ್ತು. ಬಳೇಪೇಟೆಯಲ್ಲಿ ಬೀರುವಿನಷ್ಟು ಅಗಲದ ಅಂಗಡಿಯ ರಿಪೇರಿಯವನು ಕಣ್ಣಿಗೆ ಭೂತಕನ್ನಡಿ ಸಿಕ್ಕಿಸಿಕೊಂಡು ಒಳಗೆ ನೋಡಿ ನಕ್ಕಿದ್ದ. "ಎಲ್ಲಾ ವಾಚೂ ಸುಳ್ಳು ಹೇಳ್ತವೆ ಸಾರ್. ಒಳ್ಳೆ ವಾಚು ದಿನಾ ಅದೇ ಸುಳ್ಳು ಹೇಳತ್ತೆ, ಅಷ್ಟೇ. ಒಂದು ತಿಂಗಳು ಮುಟ್ಟದೆ ಬಿಡಿ, ದಿನಾ ಬರೆದಿಡಿ. ಲೆಕ್ಕ ಸಿಕ್ಕಿದ್ಮೇಲೆ ಅಷ್ಟು ಕಳೆದು ನೋಡ್ಕೊಂಡ್ರಾಯ್ತು." ಅವನು ಹಾಗೇ ಮಾಡಿದ್ದ. ಬೆಳಿಗ್ಗೆ ಎಂಟಕ್ಕೆ ಎಷ್ಟು ಮುಂದಿದೆ ಅಂತ ಬರೆದುಕೊಂಡು, ಆಫೀಸಿನಲ್ಲಿ ಅಷ್ಟನ್ನು ಮನಸ್ಸಿನಲ್ಲೇ ಕಳೆದು, ನಿಜವಾದ ಹತ್ತು ಹತ್ತಕ್ಕೆ ಗೆರೆ ಎಳೆಯುತ್ತಿದ್ದ. ಯಾರಿಗೂ ಒಂದು ಸೆಕೆಂಡಿನ ಅನ್ಯಾಯವಾಗಿರಲಿಲ್ಲ. ಮೂವತ್ತೊಂದು ದಿನಗಳಲ್ಲಿ ಒಂದೇ ಒಂದು ದಿನ ಅವನು ಕಳೆಯಲಿಲ್ಲ.

ಅದರ ಹಿಂದಿನ ದಿನ, ಬುಧವಾರ, ಬೈರಯ್ಯ ಎಂದಿನಂತೆ ಕೊನೆಯ ನಿಮಿಷಕ್ಕೆ ಬಂದು, ಬೆವರಿನ ಕೈಯನ್ನು ಟವಲಿಗೆ ಒರೆಸಿ ಸಹಿ ಹಾಕಿದ್ದರು. ಬಾಗಿಲಲ್ಲಿ ನಿಂತಿದ್ದ ನಾರಾಯಣಪ್ಪನವರು, "ನಿಮ್ಮ ಬೈರಯ್ಯ ದಿನಾ ಕೊನೇ ಗಳಿಗೇಲೇ ಬರ್ತಾರಲ್ಲ ಆಂಜಿನಯ್ಯ? ಅವರಿಗೋಸ್ಕರ ನಿಮ್ಮ ವಾಚು ಸ್ವಲ್ಪ ನಿಧಾನ ಹೋಗತ್ತೋ ಹೇಗೆ?" ಅಂದರು. ಹಾಲ್‌ನಲ್ಲಿ ಹತ್ತು ಜನ ನಕ್ಕರು. ಬೈರಯ್ಯನೂ ನಕ್ಕರು. ನಿಮ್ಮ ಬೈರಯ್ಯ. ಆ 'ನಿಮ್ಮ' ಎಂಬುದು ಕಿವಿಯೊಳಗೆ ಹೊಕ್ಕ ನೀರಿನ ಹಾಗೆ ಮನೆಗೆ ಹೋಗುವತನಕ, ಮಲಗುವತನಕ ಗುಂಯ್ ಅನ್ನುತ್ತಿತ್ತು. ಹೌದು, ಬೈರಯ್ಯ ಅವನವರೇ. ಅದೇ ಕೇರಿಯವರು, ಅದೇ ಜನ. ಎಸ್ಸೆಸ್ಸೆಲ್ಸಿ ಪಾಸಾಗಿ ಸುಮ್ಮನೆ ಅಲೆಯುತ್ತಿದ್ದವನನ್ನು ಕೂರಿಸಿಕೊಂಡು ಅರ್ಜಿ ತುಂಬಿಸಿದವರು, ಮೊದಲ ದಿನ ತಮ್ಮದೇ ಇಸ್ತ್ರಿ ಮಾಡಿದ ಅಂಗಿ ತೊಡಿಸಿ ಈ ಮೆಟ್ಟಿಲು ಹತ್ತಿಸಿದವರು. ಆಮೇಲೆ ಅವನು ಪರೀಕ್ಷೆಗಳನ್ನು ಕಟ್ಟಿ ಮೇಲೆ ಹೋದ, ಅವರು ಟಪಾಲಿನಲ್ಲೇ ಉಳಿದರು. ಮನೆಯಲ್ಲಿ ಅವನನ್ನು ಆಂಜಿ ಅನ್ನುವವರು ಆಫೀಸಿನಲ್ಲಿ ಒಂದು ದಿನವೂ ತಪ್ಪದೆ ಸಾರ್ ಅನ್ನುತ್ತಿದ್ದರು.

ಗುರುವಾರ ಅವನು ಮೆಟ್ಟಿಲ ಮೇಲ್ಗಡೆ, ಕಂಬಿಯ ಹತ್ತಿರ ಮೇಜು ಹಾಕಿಕೊಂಡು ನಿಂತಿದ್ದ. ವಾಚಿನಲ್ಲಿ ಹತ್ತು ಗಂಟೆ ಒಂಬತ್ತು ನಿಮಿಷ ದಾಟಿತ್ತು. ಕೆಳಗೆ, ಮೆಟ್ಟಿಲ ತಿರುವಿನಲ್ಲಿ ಬೈರಯ್ಯನ ಬೋಳುತಲೆ ಕಾಣಿಸಿತು. ಒಂದು ಕೈ ಗೋಡೆಗೆ ಕೊಟ್ಟು ಸುಧಾರಿಸಿಕೊಳ್ಳುತ್ತಿದ್ದರು. ಇನ್ನು ಹದಿನಾರು ಮೆಟ್ಟಿಲು. ಹಿಂದೆ ನಾರಾಯಣಪ್ಪನವರ ಕೋಣೆಯ ಬಾಗಿಲು ತೆರೆದಿತ್ತು, ಅವರ ಕೆಮ್ಮು ಕೇಳಿಸಿತು. ಸೆಕೆಂಡಿನ ಮುಳ್ಳು ನುಣ್ಣಗೆ ತೇಲಿಕೊಂಡು ಹನ್ನೆರಡಕ್ಕೆ ಬಂತು. ಅವನು ಬಾಗಿ, ರೂಲುದೊಣ್ಣೆ ಇಟ್ಟು, ಕೆಂಪು ಗೆರೆ ಎಳೆದ. ಗೆರೆ ಎಳೆಯುವಾಗ ಒಂದು ವಿಚಿತ್ರ ಹಗುರ. ಬೆನ್ನ ಮೇಲಿಂದ ಯಾರೋ ಇಳಿದ ಹಾಗೆ. ಬೈರಯ್ಯ ಬಂದು ಗೆರೆಯನ್ನು ನೋಡಿದರು, ಟವಲಿನಿಂದ ಮುಖ ಒರೆಸಿಕೊಂಡರು, ಏನೂ ಹೇಳದೆ ತಮ್ಮ ಕುರ್ಚಿಗೆ ಹೋದರು. "ನೋಡ್ರಯ್ಯ, ನಮ್ಮ ಆಂಜಿನಯ್ಯ ಯಾರನ್ನೂ ಬಿಡಲ್ಲ," ಅಂತ ಒಳಗಿಂದ ನಾರಾಯಣಪ್ಪನವರ ಮಾತು ಕೇಳಿಸಿತು. ಮೊದಲೆರಡು ಸಲ ಬೈರಯ್ಯ ನಿಜವಾಗಿ ತಡವಾಗಿ ಬಂದಿದ್ದರು. ಅದು ಮೂರನೆಯದು. ಮಧ್ಯಾಹ್ನ ಎಂದಿನ ಹಾಗೆ ಅರ್ಧ ಟೀ ಅವನ ಮೇಜಿಗೆ ಬಂತು, ಬೈರಯ್ಯ ಕಳಿಸಿದ್ದು. ಅವನು ಅದನ್ನು ಕುಡಿದ. ಹೇಗೆ ಕುಡಿದೆ ಅಂತ ಈಗ ಬಸ್ಸಿನ ಕಂಬಿ ಹಿಡಿದು ನಿಂತಾಗ ಅವನಿಗೆ ಆಶ್ಚರ್ಯವಾಯಿತು. ಸಕ್ಕರೆ ಜಾಸ್ತಿಯಾಗಿದೆ ಅಂತಲೂ ಅವತ್ತು ಅನ್ನಿಸಿತ್ತು.

ಆಫೀಸಿನಲ್ಲಿ ಬೈರಯ್ಯನ ಕುರ್ಚಿ ಖಾಲಿಯಿತ್ತು. ಹೆಂಡತಿಗೆ ದಮ್ಮು ಹೆಚ್ಚಾಗಿದೆ ಎಂದು ನಿನ್ನೆಯಿಂದ ರಜ. ಆಂಜಿನಯ್ಯ ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡು ಕಳೆದು ಗೆರೆ ಎಳೆದು, ಕೂತು, ಚೀಲದಿಂದ ಡ್ರಾಫ್ಟ್ ತೆಗೆದ. ಮೂರು ಬಾರಿ ತಡವಾಗಿ ಬಂದಿರುತ್ತಾರೆ. ಪೆನ್ನಿನ ಮುಚ್ಚಳ ಬಿಚ್ಚಿದ, ಹಾಕಿದ. ಎರಡು ಬಾರಿ ಅಂತ ತಿದ್ದಬಹುದು. ಯಾಕೆ ತಿದ್ದಿದೆ ಅಂತ ಕೇಳುತ್ತಾರೆ. ನಿಮ್ಮವರು ಅಂತ ತಾನೇ, ಅನ್ನುತ್ತಾರೆ. ಹನ್ನೆರಡರ ಹೊತ್ತಿಗೆ ಅವನು ಎರಡು ಗಂಟೆ ಪರ್ಮಿಷನ್ ಚೀಟಿ ಬರೆದಿಟ್ಟು, ಚೀಲ ತೆಗೆದುಕೊಂಡು ಎದ್ದ. ಎಲ್ಲಿಗೆ ಹೋಗುತ್ತಿದ್ದೇನೆ ಅಂತ ಬಳೇಪೇಟೆಯ ತಳ್ಳುಗಾಡಿಗಳ ನಡುವೆ ಸಿಕ್ಕಿಕೊಂಡ ಮೇಲೆ ಅವನಿಗೇ ಗೊತ್ತಾಯಿತು. ಬೈರಯ್ಯ ದಿನಾ ನಡೆದು ಬರುವ ದಾರಿ. ಬಳೆಯ ಗೊಂಚಲುಗಳು, ಗೋಣಿಚೀಲ ಹೊತ್ತವರ "ದಾರಿ ದಾರಿ" ಎಂಬ ಕೂಗು, ಮಾಮೂಲ್‌ಪೇಟೆಯ ಸಂದಿ, ಮಾರ್ಕೆಟ್ಟಿನ ಕೊಳೆತ ಎಲೆಕೋಸಿನ ವಾಸನೆ. ಚಾಮರಾಜಪೇಟೆ ಮುಟ್ಟುವಷ್ಟರಲ್ಲಿ ಅವನಿಗೇ ಏದುಸಿರು ಬಂದಿತ್ತು, ಅವನಿಗೆ ಇನ್ನೂ ಮೂವತ್ತಾರು. ಬೈರಯ್ಯನಿಗೆ ಐವತ್ಮೂರು.

ವಠಾರದ ಕೊನೆಯ ಮನೆ. ನೀಲಗಿರಿ ಎಣ್ಣೆಯ ವಾಸನೆ ಬಾಗಿಲಿಗೇ ಬರುತ್ತಿತ್ತು. ಬೈರಯ್ಯನ ಹೆಂಡತಿ ನರಸಮ್ಮ ಮಂಚದ ಮೇಲೆ, ಬೆನ್ನಿಗೆ ಮೂರು ದಿಂಬು ಕೊಟ್ಟುಕೊಂಡು ಕೂತಿದ್ದರು. ಮಲಗಿದರೆ ಅವರಿಗೆ ಉಸಿರು ಸಿಗುತ್ತಿರಲಿಲ್ಲ. ಬೈರಯ್ಯ ನೆಲದ ಮೇಲೆ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು.

"ಏನೋ ಆಂಜಿ, ಆಫೀಸ್ ಟೈಮಲ್ಲಿ?"

"ಅಣ್ಣ, ಒಂದ್ ಮಾತು ಹೇಳ್ಬೇಕಿತ್ತು." ನಿಂತೇ ಇದ್ದ ಅವನು ಚೀಲದಿಂದ ನೋಟುಬುಕ್ಕು ತೆಗೆದು ಹನ್ನೆರಡನೆಯ ಸಾಲಿನ ಮೇಲೆ ಬೆರಳಿಟ್ಟ. "ಆ ಗುರುವಾರ ನನ್ನ ವಾಚು ಒಂದು ನಿಮಿಷ ನಲವತ್ತು ಸೆಕೆಂಡು ಮುಂದಿತ್ತು. ನೀವು ಲೇಟಾಗಿರ್ಲಿಲ್ಲ. ನನಗೆ ಗೊತ್ತಿತ್ತು."

ಬೈರಯ್ಯ ಪುಸ್ತಕವನ್ನು ಕೈಯಳತೆ ದೂರದಲ್ಲಿ ಹಿಡಿದು ನೋಡಿದರು. ಕನ್ನಡಕ ಇರಲಿಲ್ಲ, ಓದಲು ಆಗಿರಲಾರದು. ಮಡಿಸಿ ವಾಪಸು ಕೊಟ್ಟರು.

"ನನಗೂ ಗೊತ್ತಿತ್ತು ಕಣೋ."

"ಏನು ಗೊತ್ತಿತ್ತು?"

"ಲೇಟಾಗಿಲ್ಲ ಅಂತ. ಬಳೇಪೇಟೇಲಿ ಒಬ್ಬನ ಕೇಳ್ಕೊಂಡೇ ಬಂದಿದ್ದೆ. ತಿರುವಲ್ಲಿ ಉಸಿರು ಹತ್ತಿ ನಿಂತ್ಕೊಂಡೆ. ಮೇಲೆ ನೋಡಿದ್ರೆ ನೀನಿದ್ದೆ. ನಮ್ಮ ಆಂಜಿ ಇದಾನಲ್ಲ, ಇನ್ಯಾಕ್ ಓಡ್ಬೇಕು ಅಂತ ಎರಡು ಉಸಿರು ಜಾಸ್ತಿನೇ ತಗೊಂಡೆ."

ಆಂಜಿನಯ್ಯ ಕೂತುಬಿಟ್ಟ. ಮೊರ ಕಾಲಿಗೆ ತಾಗಿ ಅಕ್ಕಿ ಚೆಲ್ಲಿತು. ಹೆಕ್ಕಲು ಹೋದವನ ಕೈಯನ್ನು ಬೈರಯ್ಯ ತಡೆದರು. "ಬಿಡು, ನಾನ್ ತಗೋತೀನಿ."

"ಇವತ್ತು ಸಂಜೆ ಒಳಗೆ ನಿಮ್ಮ ಮೇಲೆ ರಿಪೋರ್ಟಿಗೆ ಸೈನ್ ಹಾಕ್ಬೇಕು ಅಣ್ಣ. ಹಾಕಿದ್ರೆ ನಿಮ್ಮನ್ನ ಮನೆಗೆ ಕಳಿಸ್ತಾರೆ. ನಾನು ಹಾಕಲ್ಲ. ವಾಚು ತಪ್ಪಿತ್ತು ಅಂತ ಬರ್ಕೊಡ್ತೀನಿ."

ಬೈರಯ್ಯ ಚೆಲ್ಲಿದ ಅಕ್ಕಿಯಲ್ಲಿ ಕೈಯಾಡಿಸಿದರು. "ಬೇಡ ಕಣೋ. ಬರ್ಕೊಟ್ರೆ ನಿನ್ನ ಮೇಲೂ ಬರ್ತದೆ. ಇಬ್ಬರೂ ಹೊರಗ್ ಬಂದ್ರೆ ಯಾರಿಗೇನ್ ಸಿಕ್ತು? ನನಗಂತೂ ವಯಸ್ಸಾಯ್ತು. ನೀನು ಇನ್ನೂ ಮೇಲಕ್ ಹೋಗೋನು. ನಮ್ಮೋನು ಒಬ್ಬ ಆ ಕುರ್ಚೀಲಿ ಇರ್ಲಿ. ಸೈನ್ ಹಾಕ್ಬಿಡು. ನನಗೇನೂ ಇಲ್ಲ ಮನಸ್ಸಲ್ಲಿ."

ಆ ಮಾತು ಕೇಳಿದೊಡನೆ ಆಂಜಿನಯ್ಯನ ಭುಜಗಳು ತಾವಾಗಿ ಸಡಿಲವಾದವು. ಹತ್ತೊಂಬತ್ತು ದಿನಗಳಲ್ಲಿ ಮೊದಲ ಸಲ ಗಾಳಿ ಹೊಟ್ಟೆಯವರೆಗೂ ಇಳಿಯಿತು. ತಾನು ಬಂದದ್ದು ಇದಕ್ಕೇ ಇರಬಹುದೇ, ಹೇಳಿಬಿಟ್ಟು, ಬೇಡ ಅನ್ನಿಸಿಕೊಂಡು, ಹಗುರಾಗಿ ವಾಪಸು ಹೋಗುವುದಕ್ಕೆ? ಆದರೂ ಅವನು ಬಾಯಿಬಿಟ್ಟು ಇಲ್ಲ ಅನ್ನಲಿಲ್ಲ. ಬೈರಯ್ಯನ ಮುಖ ನೋಡುತ್ತ, ಅವರು ಇನ್ನೊಂದು ಸಲ ಬೇಡ ಅನ್ನಲಿ ಅಂತ ಕಾಯುತ್ತಿದ್ದ.

"ಬರ್ಕೊಡ್ಲಿ."

ಇಬ್ಬರೂ ತಿರುಗಿ ನೋಡಿದರು. ನರಸಮ್ಮ ಮಂಚದ ಅಂಚು ಹಿಡಿದು ಮುಂದಕ್ಕೆ ಬಾಗಿದ್ದರು.

"ನೀನ್ ಸುಮ್ನಿರು. ಮಾತಾಡಿದ್ರೆ ದಮ್ಮು ಜಾಸ್ತಿ ಆಗ್ತದೆ," ಬೈರಯ್ಯ ಎದ್ದರು.

"ಆಗ್ಲಿ." ಪ್ರತಿ ಮಾತಿಗೂ ಒಂದು ಉಸಿರು ಎಳೆದುಕೊಂಡು ಹೇಳುತ್ತಿದ್ದರು. "ನಿಮ್ಮ ದೊಡ್ಡತನ ನೀವೇ ಇಟ್ಕೊಳ್ಳಿ. ಕ್ಷಮಿಸೋಕ್ ಮುಂಚೆ ನನ್ನ ಕೇಳಿದ್ರಾ? ನನಗೆ ಗಂಜಿ ಕುಡಿಸಿ, ಬಟ್ಟೆ ಬದಲಾಯ್ಸಿ, ಆಮೇಲೆ ಓಡಿದ್ದು ನೀವು. ಮೂರನೇ ಲೇಟು ಬಿತ್ತು ಅಂದಾಗಿಂದ, ಹತ್ತೊಂಬತ್ ದಿನ ನಾನಿಲ್ ಕೂತು... ನನ್ನಿಂದ್ಲೇ ಇವರ ಕೆಲಸ ಹೋಗ್ತದೆ, ನಾನು ಬೇಗ ಸತ್ತಿದ್ರೆ ಇದ್ಯಾವ್ದೂ ಇರ್ತಿರ್ಲಿಲ್ಲ ಅಂತ... ಅನ್ಕೊಂಡಿದೀನಿ. ಲೇಟಾಗಿರ್ಲಿಲ್ಲ ಅಂತ ನಿಮಗೆ ಗೊತ್ತಿತ್ತಾ? ಗೊತ್ತಿದ್ದೂ ನನಗೊಂದ್ ಮಾತು ಹೇಳ್ಲಿಲ್ವಾ?"

ಬೈರಯ್ಯ ತಲೆ ತಗ್ಗಿಸಿದರು. ಹೆಂಡತಿ ಹೀಗೆ ಯೋಚಿಸುತ್ತಿರಬಹುದೆಂದು ಅವರಿಗೂ ಹೊಳೆದಿರಲಿಲ್ಲವೆಂಬುದು ಅವರ ಮುಖದಲ್ಲಿ ಕಾಣುತ್ತಿತ್ತು.

"ಬರಿ," ನರಸಮ್ಮ ಆಂಜಿನಯ್ಯನಿಗೆ ಹೇಳಿದರು. "ಇಲ್ಲೇ ಬರಿ. ನನ್ ಮುಂದೆ."

ಅವನು ಚೀಲದಿಂದ ಹಾಳೆ ತೆಗೆದು, ಖಾಲಿಯಾಗಿದ್ದ ಮೊರವನ್ನು ಬೋರಲು ಹಾಕಿ ಅದರ ಮೇಲಿಟ್ಟು ಬರೆದ. ಮೊರದ ಏಣುಗಳ ಮೇಲೆ ಪೆನ್ನು ತಟತಟ ಹಾರುತ್ತಿತ್ತು. ಮಾನ್ಯರೇ, ತಾರೀಖು ಇಂಥದರಂದು ನನ್ನ ಕೈಗಡಿಯಾರ ಒಂದು ನಿಮಿಷ ನಲವತ್ತು ಸೆಕೆಂಡು ಮುಂದಿದ್ದ ಕಾರಣ, ಶ್ರೀ ಬೈರಯ್ಯನವರು ವೇಳೆಯೊಳಗೆ ಬಂದಿದ್ದರೂ ತಡವೆಂದು ನಮೂದಾಗಿರುತ್ತದೆ. ಇದರೊಂದಿಗೆ ಮೂವತ್ತೊಂದು ದಿನಗಳ ದಾಖಲೆಯನ್ನು ಲಗತ್ತಿಸಿದೆ. ಬರೆದು ಮುಗಿಸಿದಾಗ ಒಳ್ಳೆಯ ನೋಟ್ ಬರೆದ ಹಳೆಯ ತೃಪ್ತಿ ಒಂದಿಷ್ಟು ಮೂಡಿದ್ದನ್ನು ಕಂಡು ನಾಚಿಕೆಯಾಯಿತು. ನರಸಮ್ಮನಿಗೆ ಓದು ಬರುತ್ತಿರಲಿಲ್ಲ. "ಓದು" ಅಂದರು. ಓದಿದ.

"ಅಷ್ಟೇನಾ?"

"ಅಷ್ಟೇ ಅತ್ತಿಗೆ."

"ವಾಚು ಏನ್ ಮಾಡ್ತು ಅಂತ ಬರ್ದಿದೀಯ. ನೀನೇನ್ ಮಾಡ್ದೆ?"

ಹೊರಗೆ ನಲ್ಲಿಯ ಹತ್ತಿರ ಯಾರದೋ ಬಿಂದಿಗೆ ತುಂಬಿ ಹರಿಯುತ್ತಿತ್ತು.

"ಅವರು ಹತ್ತಿ ಬರ್ತಿದ್ದಿದ್ದನ್ನ ನೋಡ್ದೆ ಅಂತ ಬರಿ."

"ಬಿಡೇ, ಪಾಪ," ಬೈರಯ್ಯ ಅಂದರು.

"ನೋಡ್ದೆ ಅಂತ ಬರಿ," ನರಸಮ್ಮ ಮತ್ತೆ ಹೇಳಿದರು. ಹೇಳಿ, ಕೆಮ್ಮು ಬಂದು, ದಿಂಬಿಗೆ ಒರಗಿ ಕಣ್ಣು ಮುಚ್ಚಿದರು. ಬೈರಯ್ಯ ಓಡಿಹೋಗಿ ಬೆನ್ನು ನೀವತೊಡಗಿದರು. ಆಂಜಿನಯ್ಯ ಹಾಳೆಯ ಕೆಳಗೆ ಉಳಿದಿದ್ದ ಜಾಗದಲ್ಲಿ ಬರೆದ. ಶ್ರೀ ಬೈರಯ್ಯನವರು ಮೆಟ್ಟಿಲು ಹತ್ತಿ ಬರುತ್ತಿದ್ದುದನ್ನು ನಾನು ನೋಡಿದೆ. ನನ್ನ ಗಡಿಯಾರ ಮುಂದಿದೆಯೆಂದು ತಿಳಿದಿದ್ದೂ ಗೆರೆ ಎಳೆದೆ. ಈ ಎರಡು ವಾಕ್ಯ ಬರೆಯುವುದಕ್ಕೆ, ಮೇಲಿನ ಇಡೀ ಪತ್ರಕ್ಕೆ ಹಿಡಿದದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಎಷ್ಟು ಹೊತ್ತು ಅಂತ ಅವನು ನೋಡಿಕೊಳ್ಳಲಿಲ್ಲ. ಓದಿ ಹೇಳಿದ. ನರಸಮ್ಮ ಕಣ್ಣು ತೆರೆಯದೆ ತಲೆಯಾಡಿಸಿದರು. ಹೋಗಿ ಬಾ ಅಂತ ಅನ್ನಲಿಲ್ಲ, ನೀರು ಕುಡಿ ಅಂತಲೂ ಅನ್ನಲಿಲ್ಲ.

ನಾರಾಯಣಪ್ಪನವರು ಪತ್ರವನ್ನು ಎರಡು ಸಲ ಓದಿದರು. ಆಮೇಲೆ ನೋಟುಬುಕ್ಕು ತೆರೆದು ಮೂವತ್ತೊಂದು ಸಾಲುಗಳ ಮೇಲೂ ಪೆನ್ಸಿಲ್ ಓಡಿಸಿದರು.

"ನಿಮ್ಮವರು ಅಂತ ಈಗ ಹೀಗೆ ಬರೆದಿದೀರಾ ಅಂತಾರೆ ಆಂಜಿನಯ್ಯ."

"ಅನ್ಲಿ ಸಾರ್."

"ಬಾಕಿ ದಿನಾನೂ ಮುಂದೇ ಇತ್ತಲ್ಲ ವಾಚು? ಬಾಕಿಯವರ ಕಥೆ?"

"ಬಾಕಿ ದಿನ ಎಲ್ಲ ಕಳ್ದು ಗೆರೆ ಹಾಕಿದೀನಿ ಸಾರ್. ಆ ದಿನ ಮಾತ್ರ ಕಳೀಲಿಲ್ಲ."

ನಾರಾಯಣಪ್ಪನವರು ತಾರೀಖನ್ನು ಮತ್ತೆ ನೋಡಿದರು. ಅದರ ಹಿಂದಿನ ದಿನದ ತಮ್ಮ ತಮಾಷೆ ನೆನಪಾದಂತೆ ಮುಖ ಸ್ವಲ್ಪ ಕೆಂಪಾಯಿತು. ಕಿಟಕಿಯ ಕಡೆ ತಿರುಗಿ ಕೂತರು. ಮಾತಾಡಿದಾಗ ಧ್ವನಿ ಮೆತ್ತಗಾಗಿತ್ತು.

"ಮರೆತ್ರಿ. ಅಲ್ವಾ? ನಾನೂ ಮೇಲಿನವರಿಗೆ ಹಾಗೇ ಬರೀತೀನಿ. ವಾಚು ಮುಂದಿತ್ತು, ಕಳೆಯೋದು ಮರೆತುಹೋಯ್ತು. ಬೈರಯ್ಯನವರ ಆ ಒಂದು ಮಾರ್ಕ್ ಹೊಡೆದುಹಾಕೋಣ, ಪಟ್ಟಿಯಿಂದ ಹೆಸರು ಹೋಗತ್ತೆ, ನಿಮಗೂ ಏನೂ ಆಗಲ್ಲ. ಈ ಕೊನೇ ಎರಡು ಸಾಲು ಯಾಕ್ರೀ? ಇದ್ದರೆ ನಾನು ನಿಮ್ಮ ಮೇಲೆ ಕ್ರಮ ತಗೊಳ್ಳಲೇಬೇಕು. ಹೊಡೆದು ಹಾಕಿ, ಪಕ್ಕದಲ್ಲಿ ಸಣ್ಣ ಸಹಿ ಮಾಡಿ. ತಗೊಳ್ಳಿ."

ಪತ್ರವನ್ನು ಅವನ ಕಡೆ ತಿರುಗಿಸಿ, ತಮ್ಮದೇ ಪೆನ್ನನ್ನು ಅದರ ಮೇಲಿಟ್ಟರು. ಆಂಜಿನಯ್ಯ ಪೆನ್ನು ತೆಗೆದುಕೊಂಡ. ಯಾರಿಗೂ ನಷ್ಟವಿಲ್ಲ. ಬೈರಯ್ಯನ ಕೆಲಸ ಉಳಿಯುತ್ತದೆ. ನರಸಮ್ಮನಿಗೆ ಓದಲು ಬರು‌ವುದಿಲ್ಲ, ಈ ಕಾಗದ ಅವರ ಕೈಗೆ ಎಂದೂ ಹೋಗುವುದಿಲ್ಲ. ಹೊರಗೆ ಟೈಪ್‌ರೈಟರುಗಳು ಒಂದರ ಮೇಲೊಂದು ಬಡಿದುಕೊಳ್ಳುತ್ತಿದ್ದವು. ಪತ್ರದ ಮೇಲ್ಭಾಗದಲ್ಲಿ, ಮೊರದ ಏಣುಗಳಿಗೆ ಸಿಕ್ಕಿ ಹಾರಿದ ಅಕ್ಷರಗಳು. ಕೆಳಗಿನ ಎರಡು ಸಾಲು ಮಾತ್ರ ಯಾಕೋ ಸ್ಥಿರವಾಗಿದ್ದವು. ಅವನ್ನು ನೋಡುತ್ತಿದ್ದ ಹಾಗೆ, ಈ ಕೋಣೆಯಲ್ಲಿ ತನ್ನದು ಅಂತ ಇರುವುದು ಅವೆರಡೇ ಅನ್ನಿಸಿತು.

"ಇರ್ಲಿ ಸಾರ್," ಅಂದ. ಪೆನ್ನನ್ನು ಮೇಜಿನ ಮೇಲಿಟ್ಟ.

"ಯೋಚನೆ ಮಾಡ್ರಿ."

"ಮರೀಲಿಲ್ಲ ಸಾರ್ ನಾನು."

ನಾರಾಯಣಪ್ಪನವರು ಪತ್ರವನ್ನು ಎಳೆದುಕೊಂಡು, ಮೂಲೆಯಲ್ಲಿ ತಾರೀಖು ಹಾಕಿದರು.

ಹದಿನೈದು ದಿನಗಳಲ್ಲಿ ಎರಡು ಆದೇಶಗಳು ಬಂದವು. ಒಂದರಲ್ಲಿ ಬೈರಯ್ಯನವರ ಮೂರನೆಯ ತಡ ರದ್ದಾಗಿತ್ತು. ಇನ್ನೊಂದರಲ್ಲಿ ಆಂಜಿನಯ್ಯನ ಒಂದು ವರ್ಷದ ಇನ್‌ಕ್ರಿಮೆಂಟ್ ತಡೆದು, ಅವನನ್ನು ಹಾಜರಿಯ ಕೆಲಸದಿಂದ ತೆಗೆದು, ಕೆಳಗಿನ ರೆಕಾರ್ಡ್ ರೂಮಿಗೆ ಹಾಕಿದ್ದರು. ಪತ್ರದ ಕೊನೆಯ ಎರಡು ಸಾಲು ಅಷ್ಟರಲ್ಲಿ ಇಡೀ ಆಫೀಸಿಗೆ ಬಾಯಿಪಾಠವಾಗಿತ್ತು. ಕೆಲವರು ಅವನನ್ನು ಕಂಡರೆ ಮಾತು ನಿಲ್ಲಿಸುತ್ತಿದ್ದರು. ಹಿಂದಿನ ಹಾಗೆ ನಗುವವರು ಯಾಕೋ ಕಡಿಮೆಯಾಗಿದ್ದರು. ಮಹಾನಂದ ಮೊದಲು ಅತ್ತಳು, ಆಮೇಲೆ ಎರಡು ದಿನ ಮಾತಾಡಲಿಲ್ಲ, ಮೂರನೆಯ ದಿನ "ಹೇಳ್ಬಾರ್ದಿತ್ತಾ ನನಗೆ ಮುಂಚೇನೇ?" ಅಂದಳು. ಬೈರಯ್ಯ ಆಫೀಸಿನಲ್ಲಿ ಸಾರ್ ಅನ್ನುವುದನ್ನು ಬಿಡಲಿಲ್ಲ, ಆದರೆ ಮಧ್ಯಾಹ್ನದ ಅರ್ಧ ಟೀ ಕಳಿಸುವುದನ್ನು ನಿಲ್ಲಿಸಿದ್ದರು. ಇದು ಅವನಿಗೆ ಇನ್‌ಕ್ರಿಮೆಂಟಿಗಿಂತ ಹೆಚ್ಚು ನೋವು ಕೊಟ್ಟಿತು. ಕೇಳುವ ಮುಖವೂ ಇರಲಿಲ್ಲ.

ಒಂದು ಸಂಜೆ ಆಫೀಸು ಬಿಟ್ಟಾಗ ಬೈರಯ್ಯ ಗೇಟಿನ ಹತ್ತಿರ ನಿಂತಿದ್ದರು. ಅವನು ಬಂದದ್ದೇ ಪಕ್ಕಕ್ಕೆ ಬಂದು ಜೊತೆಯಲ್ಲಿ ನಡೆಯತೊಡಗಿದರು. ಅವನ ಬಸ್ಸು ಆ ಕಡೆಗಲ್ಲ, ಆದರೂ ಅವನು ನಡೆದ. ಇಬ್ಬರೂ ಬಳೇಪೇಟೆ ದಾಟಿದರು. ಬೈರಯ್ಯ ನಿಧಾನ, ಅವನೂ ನಿಧಾನವಾದ. ಮಾಮೂಲ್‌ಪೇಟೆಯ ತಿರುವಿನಲ್ಲಿ ಬೈರಯ್ಯ ಸುಧಾರಿಸಿಕೊಳ್ಳಲು ನಿಂತರು.

"ನಿಮ್ಮತ್ತಿಗೆ ಊಟಕ್ಕೆ ಬರ‌ಹೇಳು ಅಂದ್ಲು ಕಣೋ."

"ಇವತ್ತಾ ಅಣ್ಣ?"

"ಇವತ್ತಲ್ಲ." ಬೈರಯ್ಯ ಟವಲಿನಿಂದ ಕತ್ತು ಒರೆಸಿಕೊಂಡರು. "ಇನ್ನೂ ಕೋಪ ಇದೆ ಅವಳಿಗೆ. ನಿನ್ ಮೇಲೂ ಇದೆ, ನನ್ ಮೇಲೂ ಇದೆ. ಇಳಿದ್ಮೇಲೆ ಹೇಳ್ತಾಳಂತೆ."